ಲಕ್ಕುಂಡಿಯ ಕಲ್ಲುಗಳು ಮತ್ತು ನಮ್ಮ ಸಹಕಾರ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಶೇರು, ಠೇವು, ಸಾಲ ವಸೂಲಿಯ ಅಂಕಿ ಸಂಖ್ಯೆಗಳನ್ನು ಕಾರ್ಯದರ್ಶಿಗಳು ಬರೆದಿದ್ದಾರೆ. ನಾವು ಬೇರೊಂದು ಲೆಕ್ಕದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಅದು ನೆಲದೊಳಗಿನ ಲೆಕ್ಕ.

ನಾವು ಎಸ್.ಎಸ್.ಎಲ್.ಸಿ. ಓದಿ ರಂಟಿ ಹಿಡಿದವರು, ಇತಿಹಾಸ ಪಂಡಿತರಲ್ಲ. ಆದರೆ ಪಂಡಿತರು ಭೂಮಿ ಅಗೆಯುವುದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ. ರೈತ ಪ್ರತಿ ವರ್ಷ ಅಗೆಯುತ್ತಾನೆ. ಹಳೇ ಗಡಿಗೆಯ ಚೂರು, ಮಣಿ, ಅಕ್ಷರ ಕೊರೆದ ಕಲ್ಲು ಮೊದಲು ಬೀಳುವುದು ನಮ್ಮಂಥವರ ಕಣ್ಣಿಗೇ. ಕಂಡ ಮೇಲೆ ಏನು ಮಾಡಬೇಕು ಎಂಬುದಕ್ಕೆ ನಮ್ಮ ಗದಗ ಜಿಲ್ಲೆಯ ಲಕ್ಕುಂಡಿಯ ಮಂದಿ 2024ರಲ್ಲಿ ಒಂದು ದಾರಿ ತೋರಿಸಿದ್ದಾರೆ. ಆ ದಾರಿ ಬೇರೆ ಯಾವುದೂ ಅಲ್ಲ, ನಮ್ಮ ಸಹಕಾರದ ದಾರಿಯೇ. ಅದನ್ನು ತಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಲೊಕ್ಕಿಗುಂಡಿ ಎಂಬ ಪಟ್ಟಣ

ಗದಗಿನಿಂದ ಹೊಸಪೇಟೆ ರಸ್ತೆ ಹಿಡಿದು ಹನ್ನೆರಡು ಕಿಲೋಮೀಟರಿನಷ್ಟು ಹೋದರೆ ಲಕ್ಕುಂಡಿ. ಬಸ್ಸಿನಲ್ಲಿ ಕೂತು ನೋಡಿದವರಿಗೆ ಅದೊಂದು ದೊಡ್ಡ ಹಳ್ಳಿ, ಅಷ್ಟೇ. ಆದರೆ ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಸಾವಿರ ವರ್ಷದ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಇದು ನಾಡಿನ ದೊಡ್ಡ ಪಟ್ಟಣಗಳಲ್ಲಿ ಒಂದು. ಇಲ್ಲಿ ಟಂಕಸಾಲೆ ಇತ್ತು, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ಲೊಕ್ಕಿಗದ್ಯಾಣ ಎಂಬ ಚಿನ್ನದ ನಾಣ್ಯದ ಹೆಸರು ಬೇರೆ ಊರುಗಳ ಶಾಸನಗಳಲ್ಲೂ ಬರುತ್ತದೆ. ತಮ್ಮೂರ ಹೆಸರಿನ ನಾಣ್ಯವನ್ನು ಪರವೂರವರು ನಂಬಿ ತೆಗೆದುಕೊಳ್ಳಬೇಕಾದರೆ ಆ ಊರಿನ ಪತ್ತು ಎಂಥದಿರಬೇಕು ಎಂಬುದನ್ನು ಪತ್ತಿನ ಸಂಘದ ಸದಸ್ಯರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಆಗ ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯ ಆಳುತ್ತಿದ್ದ. ಗಂಡ ನಾಗದೇವನನ್ನು ಕಳೆದುಕೊಂಡ ಆ ತಾಯಿ ಮೂಲೆ ಹಿಡಿದು ಕೂಡಲಿಲ್ಲ. ಕವಿ ರನ್ನನಿಗೆ ಆಸರೆಯಾಗಿ 993ರಲ್ಲಿ ಅಜಿತಪುರಾಣ ಬರೆಸಿದಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದಳು. ಪುಸ್ತಕ ಒಬ್ಬರ ಮನೆಯಲ್ಲಿದ್ದರೆ ಗೆದ್ದಲಿಗೆ, ಸಾವಿರ ಮನೆಯಲ್ಲಿದ್ದರೆ ನಾಡಿಗೆ ಎಂಬ ಬುದ್ಧಿ ಆಕೆಗಿತ್ತು.

ಆಮೇಲೆ ಕಾಶಿವಿಶ್ವೇಶ್ವರ ಗುಡಿ ಬಂತು. ಅದರ ಬಾಗಿಲ ಕೆತ್ತನೆ ನೋಡಲು ಇವತ್ತಿಗೂ ದೂರದೂರದವರು ಬರುತ್ತಾರೆ. ಹಿಂದಿನ ಕಾಲದ ಗುಡಿಗಳನ್ನು ಹೆಚ್ಚಾಗಿ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದರು. ಲಕ್ಕುಂಡಿಯ ಶಿಲ್ಪಿಗಳು ಮೆತ್ತಗಿನ ಹಸಿರು ಛಾಯೆಯ ಬಳಪದ ಕಲ್ಲು ಹಿಡಿದರು. ಕಲ್ಲು ಮೆತ್ತಗಾದ್ದರಿಂದ ಉಳಿ ಸಣ್ಣದಾಯಿತು, ಕೆತ್ತನೆ ನಯವಾಯಿತು. ಅದೇ ಕಸಬು ಮುಂದೆ ಹೊಯ್ಸಳರ ನಾಡಿನಲ್ಲಿ ಇನ್ನಷ್ಟು ಅರಳಿತು. ಮಾಣಿಕೇಶ್ವರ ಗುಡಿಯ ಮಗ್ಗುಲಿಗೆ ಮುಸುಕಿನ ಬಾವಿ ಇದೆ. ಮೆಟ್ಟಿಲು, ಮೆಟ್ಟಿಲ ಪಕ್ಕಕ್ಕೆ ಸಣ್ಣ ಸಣ್ಣ ಗೂಡುಗುಡಿಗಳು. ನೀರು ಮತ್ತು ದೇವರು ಎರಡನ್ನೂ ಒಂದೇ ಕಡೆ ಇಟ್ಟರೆ ಮಂದಿ ನೀರು ಹೊಲಸು ಮಾಡುವುದಿಲ್ಲ ಎಂಬ ಲೆಕ್ಕವೋ ಏನೋ. 1192ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರನ್ನು ಸೋಲಿಸಿ ಲೊಕ್ಕಿಗುಂಡಿಯಲ್ಲೇ ಬಿಡಾರ ಮಾಡಿ ಆಳಿದ. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎಂದು ಊರವರು ಈಗಲೂ ಹೇಳುತ್ತಾರೆ.

ಕಲ್ಲುಗಳು ಮನೆ ಸೇರಿದ ಕಥೆ

ರಾಜ್ಯಗಳು ಹೋದವು, ಪಟ್ಟಣ ಸಣ್ಣದಾಯಿತು. ದೀಪಕ್ಕೆ ಎಣ್ಣೆ ಹಾಕುವವರಿಲ್ಲದ ಗುಡಿ ಬಿದ್ದಿತು. ಬಿದ್ದ ಗುಡಿಯ ಕಲ್ಲು ಯಾರದೂ ಅಲ್ಲ, ಎಲ್ಲರದೂ ಆಯಿತು. ಒಬ್ಬರು ಪಾಯಕ್ಕೆ ಹಾಕಿದರು. ಇನ್ನೊಬ್ಬರು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡರು. ಮತ್ತೊಬ್ಬರು ದನ ಕಟ್ಟುವ ಗೂಟಕ್ಕೆ, ಕಟ್ಟೆಗೆ, ಹಿತ್ತಲ ಗೋಡೆಗೆ ಇಟ್ಟರು. ಇದನ್ನು ಕಳವು ಎನ್ನಲಾಗದು. ಮನೆ ಕಟ್ಟುವ ಬಡವನಿಗೆ ಒಳ್ಳೇ ಕಲ್ಲು ಕಾಲಬುಡದಲ್ಲಿ ಬಿದ್ದಿದ್ದರೆ ಆತ ಗುಡ್ಡಕ್ಕೆ ಯಾಕೆ ಹೋದಾನು? ಹಳೇ ಊರು ಇರುವಲ್ಲೆಲ್ಲ ಹೀಗೇ ಆಗಿದೆ. ನಮ್ಮೂರಲ್ಲಿ ಆಗಿಲ್ಲವೇ? ಅಗಸಿ ಹತ್ತಿರದ ಕಟ್ಟೆಗೆ ಆನಿಸಿರುವ ವೀರಗಲ್ಲಿನ ಮೇಲೆ ದಿನಾಲೂ ಕೂಡುವವರು ನಾವೇ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಇದೆ. ಹಿತ್ತಲ ಕಲ್ಲು ಇತಿಹಾಸವಲ್ಲ ಎಂದು ನಾವೂ ನಂಬಿ ಕೂತಿದ್ದೇವೆ. ಇತಿಹಾಸ ಅಂದರೆ ಹಂಪಿ, ಬಾದಾಮಿ, ಅಲ್ಲಿ ತಿಕೀಟು ತೆಗೆಸಿ ನೋಡುವುದು, ನಮ್ಮ ಮನೆಯ ಒರಳುಕಲ್ಲಿನ ಹಿಂಬದಿ ನೋಡುವುದಲ್ಲ ಎಂಬ ಭಾವನೆ.

ಊರೇ ಕೂಡಿ ಮಾಡಿದ ಹಬ್ಬ

2024ರ ನವೆಂಬರ್ ತಿಂಗಳಲ್ಲಿ ಲಕ್ಕುಂಡಿಯಲ್ಲಿ ಪ್ರಾಚ್ಯವಸ್ತುಗಳನ್ನು ಕೂಡಿಸುವ ಅಭಿಯಾನ ನಡೆಯಿತು. ಪ್ರವಾಸೋದ್ಯಮ ಸಚಿವ ಎಚ್.ಕೆ. ಪಾಟೀಲರು, ಅಧಿಕಾರಿಗಳು, ಇತಿಹಾಸ ಬಲ್ಲವರು ಊರ ಓಣಿಗಳಲ್ಲಿ ನಡೆದರು. ಮನೆಯವರು ತಾವಾಗಿ ತಂದು ಕೊಟ್ಟರು. ಒಂದೇ ದಿನದಲ್ಲಿ ಸಣ್ಣದು ದೊಡ್ಡದು ಸೇರಿ ಸಾವಿರಕ್ಕೂ ಹೆಚ್ಚು ವಸ್ತುಗಳು ಕೂಡಿದವು. ಶಾಸನದ ಕಲ್ಲುಗಳಿದ್ದವು, ಕೆತ್ತನೆಯ ತುಂಡುಗಳಿದ್ದವು, ಮಳೆ ಬಂದು ಮಣ್ಣು ತೊಳೆದಾಗ ಹೊರಬೀಳುವ ಮಣಿ ಹರಳುಗಳಿದ್ದವು.

ಇದನ್ನು ಹಬ್ಬದ ಹಾಗೆ ಮಾಡಿದ್ದರಲ್ಲಿ ಒಂದು ಗುಟ್ಟಿದೆ. ನಾಳೆ ಬೆಳಗಾಗುವುದರೊಳಗೆ ಹಳೇ ವಸ್ತು ತಂದು ಒಪ್ಪಿಸಿರಿ ಎಂದು ಡಂಗುರ ಸಾರಿದ್ದರೆ ಏನಾಗುತ್ತಿತ್ತು? ಒಂದು ಕಲ್ಲೂ ಬರುತ್ತಿರಲಿಲ್ಲ. ಇದ್ದ ಕಲ್ಲೂ ರಾತ್ರೋರಾತ್ರಿ ಹಾಳುಬಾವಿ ಸೇರುತ್ತಿತ್ತು. ಹುಕುಂ ಬಂದರೆ ಮಂದಿ ಮುಚ್ಚಿಡುತ್ತಾರೆ, ಹಬ್ಬ ಬಂದರೆ ತೆರೆದು ತೋರಿಸುತ್ತಾರೆ. ನೆರೆಮನೆಯವರು ಕೊಟ್ಟರು, ನಾವೂ ಕೊಡೋಣ ಎಂಬ ಹುರುಪು ನಾಕು ಮಂದಿ ಕೂಡಿದಲ್ಲಿ ಮಾತ್ರ ಬರುವಂಥದು.

ಈ ಹುರುಪು ನಮ್ಮ ಸೀಮೆಗೆ ಹೊಸದಲ್ಲ. 1905ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಅದು. ದೇಶದ ಸಹಕಾರ ಚಳವಳಿ ಅಲ್ಲಿಂದ ಶುರುವಾಯಿತು ಎಂದು ನಾವೆಲ್ಲ ಎದೆ ಉಬ್ಬಿಸಿ ಹೇಳುತ್ತೇವೆ. ಗಂಟಿನಲ್ಲಿ ಕಟ್ಟಿಟ್ಟ ನಾಲ್ಕು ರೂಪಾಯಿಯನ್ನು ಒಂದು ಪೆಟ್ಟಿಗೆಗೆ ಹಾಕಿರಿ, ಅದು ಎಲ್ಲರಿಗೂ ಆಗುತ್ತದೆ, ನಿಮ್ಮದಾಗಿಯೂ ಉಳಿಯುತ್ತದೆ ಎಂದು ಹೇಳಿದರೆ ಆ ಕಾಲಕ್ಕೆ ನಂಬುವುದು ಸುಲಭವಿರಲಿಲ್ಲ. ನಂಬಿದರು. ನಂಬಿದ್ದರಿಂದಲೇ ಇವತ್ತು ನಮ್ಮ ಸಂಘವೂ ಇದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ. ಲಕ್ಕುಂಡಿಯವರು ಕೂಡಿಸಿದ್ದು ಕಲ್ಲಿನ ರಾಶಿ, ನಾವು ಕೂಡಿಸುವುದು ರೊಕ್ಕದ ರಾಶಿ. ಎರಡಕ್ಕೂ ಬಂಡವಾಳ ಒಂದೇ, ವಿಶ್ವಾಸ.

ಜಾಗ ಬರೆಯದ ಕಲ್ಲು ಮೂಕ ಕಲ್ಲು

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಕಲ್ಲು ಕೂಡಿಸಿದರೆ ಸಾಲದು. ಆ ಕಲ್ಲು ಯಾವ ಓಣಿ, ಯಾರ ಹಿತ್ತಲು, ಎಷ್ಟು ಆಳ, ಅದರ ಮಗ್ಗುಲಿಗೆ ಮತ್ತೇನಿತ್ತು ಎಂಬುದನ್ನು ಬರೆದಿಡಬೇಕು. ನಮ್ಮ ಸಂಘದ ಪೆಟ್ಟಿಗೆಯಲ್ಲಿ ಹತ್ತು ಸಾವಿರ ರೂಪಾಯಿ ಇದೆ, ಆದರೆ ಕಿರ್ದಿಯಲ್ಲಿ ಜಮಾ ಬರೆದಿಲ್ಲ ಎಂದಿಟ್ಟುಕೊಳ್ಳಿ. ಆಡಿಟರು ಬಂದು ಕೇಳಿದರೆ ಆ ರೊಕ್ಕಕ್ಕೆ ಬೆಲೆ ಏನು? ಯಾರು ಕಟ್ಟಿದ್ದು, ಯಾವ ಬಾಬತ್ತು, ಯಾವ ತಾರೀಖು, ಏನೂ ಇಲ್ಲ. ರೊಕ್ಕ ಇದ್ದೂ ಲೆಕ್ಕ ಇಲ್ಲ. ಜಾಗ ಬರೆಯದ ಶಾಸನದ ಗತಿಯೂ ಅದೇ.

ಭೂಮಿಯೊಳಗೆ ಮಣ್ಣು ಪದರು ಪದರಾಗಿ ಕೂತಿರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಉತ್ಖನನ ಮಾಡುವವರು ನೆಲವನ್ನು ಚೌಕ ಚೌಕಾಗಿ ಗೆರೆ ಹಾಕಿ, ಒಂದೊಂದೇ ಪದರು ಕೆರೆದು, ಮಣ್ಣು ಜರಡಿ ಹಿಡಿದು, ಯಾವ ಚೂರು ಯಾವ ಪದರಿನಲ್ಲಿ ಸಿಕ್ಕಿತೆಂದು ಬರೆಯುತ್ತಾರೆ. ನಾಣ್ಯ ಯಾವ ಪದರಿನಲ್ಲಿದೆಯೋ ಅದರ ಜೊತೆಯ ಗಡಿಗೆ ಚೂರಿನ ಕಾಲವೂ ಅಂದಾಜು ಆಗುತ್ತದೆ. ನಮ್ಮ ಹಳೇ ರಂಟಿ ಒಂದು ಗೇಣು ಮಣ್ಣು ತಿರುವುತ್ತಿತ್ತು. ಈಗ ಟ್ರ್ಯಾಕ್ಟರಿನ ದೊಡ್ಡ ನೇಗಿಲು ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಜೆ.ಸಿ.ಬಿ. ಬಂದರಂತೂ ಸಾವಿರ ವರ್ಷದ ಪದರು ಅರ್ಧ ತಾಸಿನಲ್ಲಿ ಕಲಸಿದ ಅನ್ನ. ಯಂತ್ರ ಬೇಡ ಎನ್ನುವಂತಿಲ್ಲ, ಅದಿಲ್ಲದೆ ಒಕ್ಕಲುತನ ನಡೆಯುವುದಿಲ್ಲ. ಆದರೆ ಕಣ್ಣಾದರೂ ತೆರೆದಿರಬೇಕು.

ಪಂಡಿತರಲ್ಲದವರ ಕಣ್ಣಿಗೆ ಬಿದ್ದ ಕಲ್ಲು ದೇಶದ ಚರಿತ್ರೆಯನ್ನೇ ತಿದ್ದಿದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಒಂದು ಬಂಡೆಯ ಮೇಲೆ ಬರಹ ಕಂಡರು. ಆತ ಹುಡುಕುತ್ತಿದ್ದದ್ದು ಚಿನ್ನ. ಸಿಕ್ಕಿದ್ದು ಅಶೋಕನ ಹೆಸರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು, ಅದು ಅಶೋಕನದೇ ಎಂದು ತಿಳಿದವರು ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ ಹೆಸರೂ ಇದ್ದುದರಿಂದ ಮಾತು ಗಟ್ಟಿಯಾಯಿತು. ಆ ಬಂಡೆಯನ್ನು ಯಾರೋ ಒಡೆದು ಜಲ್ಲಿ ಮಾಡಿದ್ದರೆ?

ಮಂದಿಯ ಅಂಜಿಕೆ ಸುಳ್ಳಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ ಕೇಳಬಹುದು. ನಿರ್ದೇಶಕರೇ, ನೀವು ಬರೆಯೋದೇನೋ ಬರೆದಿರಿ, ನಾಳೆ ನಮ್ಮ ಹೊಲದಾಗ ಶಾಸನ ಸಿಕ್ಕಿತು ಅಂತ ಹೇಳಿದರ ಹೊಲಾನ ಸರ್ಕಾರ ತಗೊಂಡರ ನಾವು ಎಲ್ಲಿಗೆ ಹೋಗೋಣ? ಈ ಪ್ರಶ್ನೆಗೆ ಉತ್ತರ ಹೇಳದೆ ಇತಿಹಾಸ ಪ್ರೇಮದ ಭಾಷಣ ಮಾಡುವುದು ತಪ್ಪಾಗುತ್ತದೆ.

ಅಂಜಿಕೆಗೆ ಕಾರಣ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಬೇಕು. ಲಕ್ಕುಂಡಿಯಂಥ ಊರಿನಲ್ಲಿ ಗುಡಿಯ ಮಗ್ಗುಲಿಗೇ ಮನೆ, ಮನೆಯ ಹಿಂದೆಯೇ ಬಾವಿ. ಮಗನ ಮದುವೆ ಆಯಿತು, ಒಂದು ಖೋಲಿ ಹೆಚ್ಚು ಬೇಕು ಎಂದರೆ ಆ ಮನೆಯವರು ನೂರು ಸಲ ಯೋಚಿಸಬೇಕು. ಗುಡಿಯನ್ನು ಸಾವಿರ ವರ್ಷ ಮಗ್ಗುಲಲ್ಲಿಟ್ಟುಕೊಂಡು ಬಂದ ಮಂದಿಗೆ ಗುಡಿಯೇ ಭಾರವಾಗಬಾರದು. ಇದನ್ನು ಸರ್ಕಾರಗಳು ಮನಗಾಣಬೇಕು. ಬೇರೆ ಜಾಗ ಕೊಡುವ ಮಾತು ಬಂದರೆ ನ್ಯಾಯವಾದ ಬೆಲೆ, ಒಕ್ಕಲುತನಕ್ಕೆ ಅನುಕೂಲದ ಜಾಗ, ಮಂದಿಯ ಒಪ್ಪಿಗೆ ಮೂರೂ ಇರಬೇಕು.

ಆದರೆ ತಿಳಿದಿರಬೇಕಾದ ಇನ್ನೊಂದು ಸಂಗತಿಯೂ ಇದೆ. ಈ 100 ಮತ್ತು 200 ಮೀಟರಿನ ನಿಯಮ ರಾಷ್ಟ್ರೀಯ ಮಹತ್ವದ್ದೆಂದು ಅಧಿಸೂಚನೆಯಾದ ಸ್ಮಾರಕಗಳಿಗೆ ಸಂಬಂಧಿಸಿದ್ದು. ಹಿತ್ತಲಲ್ಲಿ ಒಂದು ಬಿಡಿ ಕಲ್ಲು ಸಿಕ್ಕ ಮಾತ್ರಕ್ಕೆ ಅದು ತಾನಾಗಿ ಜಾರಿಗೆ ಬರುವುದಿಲ್ಲ. ಹೊಸದಾಗಿ ಯಾವುದನ್ನಾದರೂ ಅಂಥ ಸ್ಮಾರಕವೆಂದು ಘೋಷಿಸುವ ಮೊದಲು ಎರಡು ತಿಂಗಳ ನೋಟೀಸು ಕೊಟ್ಟು ತಕರಾರು ಕೇಳಬೇಕೆಂದು ಕಾಯ್ದೆಯಲ್ಲೇ ಇದೆ. ಕಾಯ್ದೆ ತಿಳಿಯದವನಿಗೆ ಅಂಜಿಕೆ ಹೆಚ್ಚು. ಸಾಲದ ಕಾಗದ ಓದದೆ ಸಹಿ ಮಾಡಿದವನ ಹಾಗೆ, ಇಲ್ಲದ ಕರಾರಿಗೂ ಆತ ನಡುಗುತ್ತಾನೆ.

ಬಂಗಾರ ಸಿಕ್ಕಾಗ

2025ರ ಜೂನ್ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಲಕ್ಕುಂಡಿಯ ಉತ್ಖನನ ಕಾರ್ಯಕ್ಕೆ ಚಾಲನೆ ಕೊಟ್ಟರು. 2026ರ ಜನವರಿಯಲ್ಲಿ ಅದೇ ಊರಿನಲ್ಲಿ ಒಂದು ಮನೆಯ ಪಾಯ ತೋಡುವಾಗ ತಾಮ್ರದ ಪಾತ್ರೆಯೊಳಗೆ ಬಂಗಾರದ ಆಭರಣಗಳು ಸಿಕ್ಕವು. ಆ ಮನೆಯವರು ಅನುಕೂಲಸ್ಥರಲ್ಲ. ಮುಚ್ಚಿಟ್ಟಿದ್ದರೆ ಒಂದು ಸಂಸಾರ ದಡ ಸೇರುವಷ್ಟು ಬಂಗಾರ. ಅವರು ಮುಚ್ಚಿಡಲಿಲ್ಲ, ತಿಳಿಸಿ ಸರ್ಕಾರಕ್ಕೆ ಒಪ್ಪಿಸಿದರು. ಇಡೀ ನಾಡು ಆ ಮನೆಯತ್ತ ನೋಡಿ ಕೈಮುಗಿಯಿತು.

ನೆಲದಲ್ಲಿ ಹೂತಿಟ್ಟ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು ಎಂಬ ಕಾನೂನು ಬ್ರಿಟಿಷರ ಕಾಲದ 1878ರಿಂದಲೂ ಇದೆ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ನಾಣ್ಯ ಮುಂತಾದವುಗಳನ್ನು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಪರದೇಶಕ್ಕೆ ಸಾಗಿಸುವಂತಿಲ್ಲ ಎಂದು 1972ರ ಪುರಾವಸ್ತು ಕಾಯ್ದೆ ಹೇಳುತ್ತದೆ. ಆದರೆ ಕಾನೂನಿನ ಅಂಜಿಕೆಯಿಂದಷ್ಟೇ ಬಂಗಾರ ಹೊರಬರುವುದಿಲ್ಲ. ಊರಿನ ಗಾಳಿಯಲ್ಲಿ ಒಂದು ಮರ್ಯಾದೆ ಇರಬೇಕು. ಒಂದು ವರ್ಷದ ಹಿಂದೆಯಷ್ಟೇ ಊರೇ ಕೂಡಿ ಕಲ್ಲು ಒಪ್ಪಿಸಿದ ಓಣಿಗಳವು. ಆ ಹಬ್ಬದ ಫಲ ಇಲ್ಲಿಯೂ ಇದೆ ಎಂದೇ ನಮ್ಮ ನಂಬಿಕೆ.

ಹಾಗೆಯೇ ಕೊಡುವವರ ಕಡೆಯ ನ್ಯಾಯವೂ ನಡೆಯಬೇಕು. ಠೇವು ಇಟ್ಟವರಿಗೆ ರಸೀದಿ ಕೊಡದ ಸಂಘ ಎಷ್ಟು ದಿನ ನಡೆದೀತು? ಕಲ್ಲು ಕೊಟ್ಟವರಿಗೂ ರಸೀದಿ ಬೇಕು. ವಸ್ತುವಿನ ಮುಂದೆ ಕೊಟ್ಟ ಮನೆತನದ ಹೆಸರು ಬೇಕು. ವಸ್ತು ಆದಷ್ಟು ಮಟ್ಟಿಗೆ ಆ ಊರಲ್ಲೇ ಉಳಿಯಬೇಕು. ದೂರದ ಪಟ್ಟಣದ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಕೊಟ್ಟವರ ಮೊಮ್ಮಕ್ಕಳು ನೋಡುವುದು ಯಾವಾಗ? ಕೊಟ್ಟದ್ದು ಕಣ್ಣೆದುರಿಗೆ ಇದ್ದರೆ ಇನ್ನೊಬ್ಬರು ಕೊಡುತ್ತಾರೆ.

ನಮ್ಮ ಹಿರಿಯರು ಈ ಲೆಕ್ಕ ಬಲ್ಲವರು. ಹಳೇ ಶಾಸನಗಳಲ್ಲಿ ನೋಡಿರಿ. ಗುಡಿಯ ದೀಪಕ್ಕೆಂದು ಇಂತಿಷ್ಟು ಗದ್ಯಾಣ ಕೊಟ್ಟರು, ಅದನ್ನು ಊರ ಮಹಾಜನರ ಕೈಯಲ್ಲೋ ವರ್ತಕರ ಕೈಯಲ್ಲೋ ಇಟ್ಟರು, ಅಸಲು ಮುಟ್ಟದೆ ಬಡ್ಡಿಯಲ್ಲಿ ದೀಪ ಉರಿಸಬೇಕು ಎಂದು ಬರೆಸಿದರು. ಕೊಟ್ಟವರು ಯಾರು, ಎಷ್ಟು, ಯಾವ ತಿಥಿ, ಸಾಕ್ಷಿ ಯಾರು ಎಲ್ಲವೂ ಕಲ್ಲಿನ ಮೇಲೆ ಇರುತ್ತದೆ. ಕಡೆಗೆ, ಇದನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಸಾವಿರ ಗೋವು ಕೊಂದ ಪಾಪ ಬರಲಿ ಎಂಬ ಶಾಪ. ಠೇವು, ಬಡ್ಡಿ, ಕಿರ್ದಿ, ಸಾಕ್ಷಿ, ದಂಡ ಐದೂ ಆಯಿತಲ್ಲ! ಆಡಿಟರ ಬದಲು ದೇವರಿದ್ದ, ಅಷ್ಟೇ ವ್ಯತ್ಯಾಸ.

ನಮ್ಮೂರಿಗೆ ನಾಲ್ಕು ಸೂಚನೆಗಳು

ಸಂಘದ ಹೊಸ ಗೋದಾಮಿಗೆ ಈ ವರ್ಷ ಪಾಯ ತೋಡುವುದಿದೆ. ಹಳೇ ಊರಿನ ಹಾಳುಮಣ್ಣಿನ ಮಗ್ಗುಲಿಗೇ ಆ ಜಾಗ ಇದೆ. ಬರುವ ವಾರ್ಷಿಕ ಸಾಮಾನ್ಯ ಸಭೆಯ ಮುಂದೆ ಈ ಕೆಳಗಿನ ಸೂಚನೆಗಳನ್ನು ಇಡಬೇಕೆಂದಿದ್ದೇವೆ.

ಒಂದನೆಯದು, ಪಾಯ ತೋಡುವಾಗ ಜೆ.ಸಿ.ಬಿ.ಯ ಮುಂದೆ ನಮ್ಮವರೊಬ್ಬರು ನಿಂತು ನೋಡಬೇಕು. ಏನಾದರೂ ಕಂಡರೆ ಕೆಲಸ ನಿಲ್ಲಿಸಿ, ಇದ್ದ ಜಾಗದಲ್ಲೇ ಫೋಟೋ ತೆಗೆದು, ಆಳ ಅಳೆದು, ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸಬೇಕು. ಎರಡು ದಿನ ತಡವಾದರೆ ಗೋದಾಮು ಓಡಿಹೋಗುವುದಿಲ್ಲ.

ಎರಡನೆಯದು, ಸಂಘದ ಕಚೇರಿಯಲ್ಲಿ ಒಂದು ಕಲ್ಲಿನ ಖಾತೆ ತೆರೆಯಬೇಕು. ಯಾರ ಮನೆ, ಯಾರ ಹೊಲದಲ್ಲಿ ಯಾವ ಹಳೇ ಕಲ್ಲು ಇದೆ ಎಂದು ಬರೆಯುವ ಬುಕ್ಕು. ಕಲ್ಲು ಇದ್ದಲ್ಲೇ ಇರಲಿ, ಅದರ ಲೆಕ್ಕ ಮಾತ್ರ ಸಂಘದಲ್ಲಿರಲಿ.

ಮೂರನೆಯದು, ನಮ್ಮ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಲಕ್ಕುಂಡಿಗೆ ಕರೆದೊಯ್ಯಬೇಕು. ಹೋಗಿಬರುವ ಗಾಡಿಯ ಖರ್ಚನ್ನು ಸಂಘದ ಶಿಕ್ಷಣ ಬಾಬತ್ತಿನಿಂದ ಕೊಡಬಹುದು.

ನಾಲ್ಕನೆಯದು, ಶಾಸನದ ಕಲ್ಲಿಗೆ ಸುಣ್ಣ, ಆಯಿಲ್ ಪೇಂಟು ಬಳಿಯುವುದನ್ನು ಇಂದೇ ನಿಲ್ಲಿಸಬೇಕು. ಭಕ್ತಿಯಿಂದ ಬಳಿದರೂ ಅಕ್ಷರ ಮುಚ್ಚುತ್ತದೆ. ಅರಿಷಿಣ ಕುಂಕುಮ ಏರಿಸುವವರು ಅಕ್ಷರ ಬಿಟ್ಟು ಏರಿಸಿದರೆ ದೇವರಿಗೂ ಆಯಿತು, ಚರಿತ್ರೆಗೂ ಆಯಿತು.

ಬಾಂಧವರೇ, ನಮ್ಮ ಸಂಘದ ಮೊದಲ ಕಿರ್ದಿ ಪುಸ್ತಕ ಇವತ್ತಿಗೂ ಕಚೇರಿಯ ತಿಜೋರಿಯಲ್ಲಿದೆ. ಅದರಲ್ಲಿ ಮೊದಲು ಶೇರು ಕಟ್ಟಿದವರ ಹೆಸರು, ಹೆಬ್ಬೆಟ್ಟಿನ ಗುರುತು ಇವೆ. ಅವರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಆ ಪುಸ್ತಕವನ್ನು ಯಾರಾದರೂ ರದ್ದಿಗೆ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಊರ ಕಲ್ಲುಗಳು ಅದಕ್ಕಿಂತ ಹಳೆಯ ಕಿರ್ದಿ. ಅವುಗಳಲ್ಲೂ ನಮ್ಮ ಹಿರಿಯರ ಜಮಾ ಖರ್ಚು ಇದೆ. ಓದಲು ಬರುವವರು ಎಂದಾದರೂ ಬಂದಾರು. ಅಲ್ಲಿಯವರೆಗೆ ಹಾಳೆ ಹರಿಯದಂತೆ ಕಾಯುವುದು ನಮ್ಮ ನಿಮ್ಮೆಲ್ಲರ ಹೊಣೆ.

ಸಾಮಾನ್ಯ ಸಭೆಗೆ ಎಲ್ಲ ಸದಸ್ಯರೂ ತಪ್ಪದೆ ಬಂದು ಈ ಸೂಚನೆಗಳನ್ನು ಚರ್ಚಿಸಿ ಠರಾವು ಪಾಸು ಮಾಡಿಕೊಡಬೇಕೆಂದು ಕೇಳಿಕೊಂಡು ಲೇಖನ ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.